ರೇಣುಕಪ್ಪನ ತಾಮ್ರದ ಮೊಳೆ

ಬಾಳೆಹೊನ್ನೂರಿನ ರೇಣುಕಪ್ಪ ನಲವತ್ತು ವರ್ಷದಿಂದ ದೇವರ ಪಟಗಳಿಗೆ ಫ್ರೇಮ್ ಹಾಕುತ್ತಿದ್ದರೂ ಒಬ್ಬ ಗಿರಾಕಿಯನ್ನೂ ಪೂರ್ತಿ ನಂಬಿದವನಲ್ಲ. ಯಾರದೋ ಹಾಳು ಕೆಲಸ ತಂದು ‘ಇದು ನಿನ್ನದೇ’ ಎಂದು ಜಗಳ ತೆಗೆದರೆ ಎಂದು, ಪ್ರತಿ ಫ್ರೇಮಿನ ಎಡಗಡೆಯ ಕೆಳಮೂಲೆಗೆ ಒಂದು ತಾಮ್ರದ ಮೊಳೆ ಹೊಡೆಯುತ್ತಿದ್ದ.

ಬೆಂಗಳೂರಿನ ಹರಾಜು ಸಂಸ್ಥೆಯೊಂದರ ಏಜೆಂಟ್ ಅಂಗಡಿಗೆ ಬಂದು, “ನಮ್ಮದು ನೂರು ವರ್ಷದ ಸಂಸ್ಥೆ. ಹಳೇ ಚಿತ್ರಗಳನ್ನ ಪುಕ್ಕಟೆ ಪರೀಕ್ಷೆ ಮಾಡಿ ಮಾರಿಸಿಕೊಡ್ತೀವಿ” ಎಂದು ಹರಾಜಿನ ಚಿತ್ರಗಳ ಫೋಟೋಗಳಿದ್ದ ಮಿರುಗುವ ಪುಸ್ತಕವೊಂದನ್ನು ಮುಂದಿಟ್ಟ. ಪುಕ್ಕಟೆ ಎಂಬ ಮಾತೇ ರೇಣುಕಪ್ಪನಿಗೆ ಸರಿಬರಲಿಲ್ಲ. ಕನ್ನಡಕ ಒರೆಸಿಕೊಂಡು ಒಂದೊಂದೇ ಪುಟ ತಿರುವಿದ.

ಒಂದು ಕಡೆ ಕೈ ನಿಂತಿತು. ‘ಇನ್ನೂರು ವರ್ಷದ ಚಿತ್ರ, ಅದೇ ಕಾಲದ ಫ್ರೇಮಿನೊಂದಿಗೆ’ ಎಂದು ಬರೆದಿತ್ತು. ಫೋಟೋದಲ್ಲಿ ಫ್ರೇಮಿನ ಎಡಗಡೆಯ ಕೆಳಮೂಲೆಯಲ್ಲಿ ತಾಮ್ರದ ಮೊಳೆ ಕಾಣುತ್ತಿತ್ತು. ಹೋದ ವರ್ಷ ಯಾರೋ ಹಳೆಯದರ ಹಾಗೆ ಕಾಣಬೇಕು ಎಂದಿದ್ದಕ್ಕೆ, ಅಡಿಕೆ ಬೇಯಿಸಿದ ಚೊಗರಿನ ಕಂದು ನೀರನ್ನು ಮೂರು ಸಲ ಬಳಿದುಕೊಟ್ಟ ಫ್ರೇಮ್ ಅದು.

“ಇದು ಹೋದ ವರ್ಷ ನಾನೇ ಮಾಡಿದ್ದು ಮಾರಾಯ್ರೆ” ಎಂದ ರೇಣುಕಪ್ಪ, ಏಜೆಂಟ್ ಈಗ ಬೆವರುತ್ತಾನೆ ಎಂದು ಅವನ ಮುಖವನ್ನೇ ನೋಡಿದ.

ಏಜೆಂಟ್ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡ.

“ಗೊತ್ತು. ಅದಕ್ಕೇ ಹುಡುಕ್ಕೊಂಡು ಬಂದಿದ್ದು. ಅಂಥವೇ ಇನ್ನೂ ಹತ್ತು ಬೇಕು. ಮೊಳೆ ಮಾತ್ರ ಬೇಡ.”