ಆಪಾ ಬಿಡಿಸಿದ ಡ್ಯಾಂಪ್ ಗೋಡೆ

ಮೂರು ದಿನದಿಂದ ಕೋಣೆ ಬೆಚ್ಚಗಿಡುವ ರೇಡಿಯೇಟರ್ ಮೇಲೆ ಒಣಗುವ ನಾಟಕ ಆಡುತ್ತಿದ್ದ ಟವೆಲಿನಿಂದ ಈ ಬೆಳಿಗ್ಗೆ ಒಂದು ವಾಸನೆ ಬಂತು. ಇಂಗ್ಲೆಂಡಿನಲ್ಲಿ ಬಟ್ಟೆ ಒಗೆದವರಿಗೆಲ್ಲ ಗೊತ್ತಿರುವ ವಾಸನೆ. ವರ್ಣಿಸಿ ನಿಮ್ಮ ಕಾಫಿ ಕೆಡಿಸುವುದಿಲ್ಲ. ಲೆಮಿಂಗ್ಟನ್ ಸ್ಪಾದ ನನ್ನ ಫ್ಲ್ಯಾಟಿನಲ್ಲಿ ಟವೆಲು ಹಿಡಿದು ಈ ದೇಶವನ್ನು ಬೈಯುತ್ತ ನಿಂತವಳಿಗೆ ಶಾಹಿದಾ ಆಪಾ ನೆನಪಾದರು. ಇಲ್ಲಿ ಏನೂ ಬೇಗ ಒಣಗುವುದಿಲ್ಲವೆಂದು ಸಂತೋಷಪಟ್ಟವರನ್ನು ನಾನು ಅವರೊಬ್ಬರನ್ನೇ ಕಂಡಿದ್ದೇನೆ.

ಆಪಾ ವಿಜಾಪುರದವರು. ಮ್ಯಾಕಲ್ಸ್‌ಫೀಲ್ಡಿನಲ್ಲಿ ಔಷಧ ಕಾರ್ಖಾನೆಯ ಕೆಲಸ. ಒಂದು ಮಾತ್ರೆ ಇನ್ನೊಂದರ ಹಾಗೇ ಇದೆಯೇ ಎಂದು ವಾರವಿಡೀ ನೋಡುವುದು, ರಜೆಯ ದಿನ ಜಲವರ್ಣ ಚಿತ್ರ ಬಿಡಿಸುವುದು. ಆರು ವರ್ಷದ ಹಿಂದೆ ನಾನು ಓದು ಮುಗಿಸಿ ಆ ಊರಲ್ಲಿ ಮೊದಲ ಕೆಲಸಕ್ಕೆ ಸೇರಿದಾಗ ಅವರ ಮನೆಯ ಹಿಂದಿನ ಕೋಣೆಗೆ ಬಾಡಿಗೆಗೆ ಬಂದೆ. ಚಿತ್ರ ಬರೆಯುವವರ ಮನೆ ಎಂದು ಕೇಳಿ ದೊಡ್ಡ ಕಿಟಕಿ, ಮರದ ಸ್ಟ್ಯಾಂಡು, ಮೂಲೆಯಲ್ಲೊಂದು ಹೂದಾನಿ ಎಲ್ಲ ಕಲ್ಪಿಸಿಕೊಂಡಿದ್ದೆ. ಇದ್ದದ್ದು ಮಹಡಿಯ ಇಕ್ಕಟ್ಟಿನಲ್ಲಿ, ಬಾತ್‌ರೂಮಿಗೂ ನನ್ನ ಬಾಗಿಲಿಗೂ ನಡುವೆ, ಒಂದು ಇಸ್ತ್ರಿ ಬೋರ್ಡು. ಅದರ ಮೇಲೆ ಪ್ಲೈವುಡ್ ಹಲಗೆ, ಪಕ್ಕದಲ್ಲಿ ನೀರು ತುಂಬಿದ ಮೂರು ಉಪ್ಪಿನಕಾಯಿ ಬಾಟಲಿ. ಹಲ್ಲುಜ್ಜಲು ಹೋಗುವವಳು ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ನಡೆಯಬೇಕು. ಬಟ್ಟೆಗೆ ಇಸ್ತ್ರಿ ಮಾಡುವುದು ಹಾಸಿಗೆಯ ಮೇಲೆ.

ಕಾಗದವನ್ನು ಪೂರ್ತಿ ತೋಯಿಸಿ, ಬಣ್ಣ ಬಿಟ್ಟು, ಅದು ತಾನಾಗಿ ಹರಡುವುದನ್ನು ಆಪಾ ಕೈಕಟ್ಟಿ ನೋಡುತ್ತಿದ್ದರು. ಅರ್ಧ ಗಂಟೆ. ಅಷ್ಟು ಹೊತ್ತು ಹೀಟಿಂಗ್ ಹಾಕುವಂತಿಲ್ಲ. ನಾನು ಎರಡು ಸ್ವೆಟರ್ ತೊಟ್ಟು, ಇದೂ ಒಂದು ಕಲಾಸೇವೆ ಎಂದುಕೊಂಡು ನಡುಗುತ್ತಿದ್ದೆ. ಬೇರೆ ಕನ್ನಡಿಗರೊಂದಿಗೆ, ನನ್ನೊಂದಿಗೂ, ಅವರದು ಬೆಂಗಳೂರು ಕನ್ನಡ, ತಮ್ಮನೊಂದಿಗೆ ಫೋನಿನಲ್ಲಿ ದಖ್ಖನಿ. ಕುಂಚ ಹಿಡಿದಾಗ, ಚಿತ್ರದ ವಿಷಯ ಬಂದಾಗ ಮಾತ್ರ ವಿಜಾಪುರದ ಮಾತು ತಾನಾಗಿ ಹೊರಡುತ್ತಿತ್ತು.

"ನಮ್ಮ ಕಡೆ ಬಿಸಲಾಗ ಇದು ಆಗ್ತಿತ್ತೇನು? ಕುಂಚ ಎತ್ತೂದ್ರಾಗ ಒಣಗಿ ಹಪ್ಪಳ ಆಗ್ತಿತ್ತು. ನಾ ಬಣ್ಣ ಹಚ್ಚೂದು ಕಲ್ತದ್ದು ಇಲ್ಲೇ, ಈ ಹಸಿಯೊಳಗ."

ಊರ ಸುತ್ತ ಹಸಿರು ಗುಡ್ಡಗಳು. ಅಲ್ಲಿನ ಚಿತ್ರಕಲಾ ಕ್ಲಬ್ಬಿನವರೆಲ್ಲ ಅವನ್ನೇ ಬಿಡಿಸಿ ಬಿಡಿಸಿ ಗುಡ್ಡಗಳಿಗೇ ಸಾಕಾಗಿರಬೇಕು. ಆಪಾ ಗುಡ್ಡಕ್ಕೆ ಬೆನ್ನು ಹಾಕಿ ನನ್ನ ಕೋಣೆಯ ಗೋಡೆ ನೋಡುತ್ತಿದ್ದರು. ಹೊರಗೆ ಸೂರಿನ ನೀರು ಹರಿಯುವ ಗಟರ್ ಒಡೆದು ಗೋಡೆಯಲ್ಲಿ ತೇವ ಇಳಿದಿತ್ತು. ಪ್ರತಿ ಮಳೆಯ ನಂತರ ಬಾಗಿಲು ತಟ್ಟಿ ಒಳಬರುತ್ತಿದ್ದರು, ನನ್ನನ್ನು ನೋಡಲು ಅಲ್ಲ.

"ಆಪಾ, ಗಟರ್ ರಿಪೇರಿ ಮಾಡ್ಸೋಣ. ನಂಗೆ ಕೆಮ್ಮು ಶುರುವಾಗಿದೆ."

"ಮಾಡಿಸೂಣು. ಇನ್ನೊಂದು ವಾರ ತಡಿಯವಾ, ಅಂಚು ಈಗ ಚಂದ ಮೂಡಾಕತ್ತೈತಿ."

ಕೆಮ್ಮಿಗೆ ಜಿಪಿ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗುವಷ್ಟರಲ್ಲಿ ಗೋಡೆ ಕಾಗದಕ್ಕೆ ಇಳಿದಿತ್ತು. ಬೂದಿ ಬಣ್ಣ, ಒಳಗೊಂದಿಷ್ಟು ಹಸಿರು, ಅಂಚಿನಲ್ಲಿ ಚಹಾದ ಕಂದು. ದಿನವೂ ಶಪಿಸುತ್ತಿದ್ದ ಗೋಡೆಯಿಂದ ನನಗೆ ಕಣ್ಣು ಕೀಳಲಾಗಲಿಲ್ಲ.

"ಯಾರೂ ಹಚ್ಚಿದ್ದಲ್ಲ ನೋಡು," ಎಂದರು ಆಪಾ. "ನೀರು ತಾನ ಬಂದು ತಾನ ನಿಂತೈತಿ. ಅದನ್ನ ನೋಡಿದಾಕಿ ನಾ ಒಬ್ಬಾಕಿ."

ಕ್ಲಬ್ಬಿನ ವಾರ್ಷಿಕ ಪ್ರದರ್ಶನಕ್ಕೆ ಎರಡು ವರ್ಷ ಕಳಿಸಿದ್ದ ಅವರ ಚಿತ್ರಗಳು ಎರಡು ವರ್ಷವೂ ವಾಪಸು ಬಂದಿದ್ದವು. ತಾನು ಕಂಡದ್ದನ್ನು ಇನ್ನೊಬ್ಬರು ಒಮ್ಮೆ ನಿಂತು ನೋಡಬೇಕು, ಅಷ್ಟೇ ಅವರ ಆಸೆ. ಈ ಸಲ ಅದಕ್ಕಾಗಿ ಕಾರ್ಖಾನೆಯಲ್ಲಿ ಪಾಳಿಯ ರೋಟಾ ಕೂಡ ಮೊದಲೇ ಬದಲಿಸಿಕೊಂಡಿದ್ದರು. ಚಿತ್ರಕ್ಕೆ ಸ್ಫೂರ್ತಿ ಏನೆಂದು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಕೊಡಬೇಕಿತ್ತು. "ನೀ ಬರಿ, ನಿನ್ನ ಇಂಗ್ಲಿಷ್ ಚಲೋ ಐತಿ. ಗ್ವಾಡಿ ಅಂತ ಬರದ್ರ ಸಾಕು," ಎಂದರು.

ಗೋಡೆ ಎಂದು ಬರೆಯಲು ನನ್ನಂಥವಳು ಬೇಕೇ? ಈ ದೇಶಕ್ಕೆ ಬರಲು ನಾನು ಬರೆದ ಅರ್ಜಿಗಳಲ್ಲೆಲ್ಲ ಅಜ್ಜಿ ಇದ್ದಳು, ಊರಿತ್ತು, ಕನಸಿತ್ತು, ಒಂದೂ ಸೋತಿರಲಿಲ್ಲ. ಅದೇ ಕೈಯಲ್ಲಿ ಬರೆದೆ: ತಾಯ್ನಾಡಿನ ಮುಂಗಾರು, ಅಜ್ಜಿಯ ಮಡಿಲಲ್ಲಿ ಕುಳಿತು ಕಂಡ ಬಾಲ್ಯದ ಮಳೆ, ಅಗಲಿಕೆಯ ಹಂಬಲ. ಆಪಾ ಹುಟ್ಟುವ ಮೊದಲೇ ಅವರ ಅಜ್ಜಿಯರಿಬ್ಬರೂ ತೀರಿಹೋಗಿದ್ದರು. ವಿಜಾಪುರದ ಮಳೆಯ ವಿಷಯ ನಿಮಗೇ ಗೊತ್ತು. ಫಾರ್ಮು ಆನ್‌ಲೈನಿನಲ್ಲಿತ್ತು, ಅವರಿಗೆ ತೋರಿಸದೆ ಕಳಿಸಿಬಿಟ್ಟೆ.

ಚಿತ್ರ ಆಯ್ಕೆಯಾಯಿತು. ಅಷ್ಟೇ ಅಲ್ಲ, ಬಾಗಿಲ ಎದುರಿಗೇ ತೂಗುಹಾಕಿದರು. ಜನ ಮೊದಲು ನನ್ನ ನಾಲ್ಕು ಸಾಲು ಅಚ್ಚಾಗಿದ್ದ ಪಕ್ಕದ ಕಾರ್ಡು ಓದುವರು, ಆಮೇಲೆ ಚಿತ್ರದ ಕಡೆ ಕಣ್ಣೆತ್ತಿ ತಲೆದೂಗುವರು. ಹಿರಿಯ ಮಹಿಳೆಯೊಬ್ಬರು ಕಣ್ಣು ಮುಚ್ಚಿ, ತಮಗೆ ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತಿದೆ ಎಂದರು. ಚಿತ್ರ ನೋಡಲು ಕಣ್ಣು ಮುಚ್ಚಿದವರನ್ನು ನಾನು ನೋಡಿದ್ದು ಅದೇ ಮೊದಲು. ಆಗ ಆಪಾ ಕನ್ನಡಕ ಹಾಕಿಕೊಂಡು ಕಾರ್ಡು ಓದಿದರು. ಎರಡು ಸಲ ಓದಿದರು. ಆಮೇಲೆ ಬಂದವರಿಗೆಲ್ಲ ನಗುತ್ತಲೇ ಥ್ಯಾಂಕ್ಸ್ ಹೇಳಿದರು.

ಬಸ್ ಸ್ಟಾಪಿಗೆ ಬಂದ ಮೇಲೆ ಮಾತಾಡಿದರು, ಅದೂ ಅಚ್ಚ ಬೆಂಗಳೂರು ಕನ್ನಡದಲ್ಲಿ. "ಚಿತ್ರ ನಂದು, ಕೆಳಗಿನ ಹೆಸರೂ ನಂದೇ. ಆದ್ರೆ ಇವತ್ತು ಅದನ್ನ ಯಾರೂ ನೋಡ್ಲಿಲ್ಲ ಅಲ್ವಾ?"

ನಾನು ಬಸ್ಸಿನ ವೇಳಾಪಟ್ಟಿ ಓದತೊಡಗಿದೆ. ಚಿತ್ರ ಆಯ್ಕೆಯಾದದ್ದು ನನ್ನಿಂದ ಎಂಬ ಜಂಬ ಇನ್ನೂ ಒಳಗೆ ಸ್ವಲ್ಪ ಉಳಿದಿತ್ತು, ಈಗ ಹೇಳಲು ನಾಚಿಕೆ. ಮರುವಾರವೇ ಅವರು ಗಟರ್ ರಿಪೇರಿ ಮಾಡಿಸಿ ಗೋಡೆಗೆ ಬಿಳಿ ಬಣ್ಣ ಹೊಡೆಸಿದರು. ನನ್ನ ಕೆಮ್ಮು ವಾಸಿಯಾಯಿತು. ಅಷ್ಟು ಬೇಸರದಿಂದ ನಾನೆಂದೂ ಆರೋಗ್ಯವಾಗಿರಲಿಲ್ಲ. ಇನ್ನೊಂದು ಮುಂಗಾರು ಕೊಡಿ ಎಂದು ಕ್ಲಬ್ಬಿನವರು ಕೇಳಿದರು. ಆಪಾ ಯಾವ ಚಿತ್ರವನ್ನೂ ಕೊಡಲಿಲ್ಲ. ನಾನು ಹಲ್ಲುಜ್ಜಲು ಹೋಗುವಾಗ ಹಲಗೆಯ ಮೇಲೆ ದುಪಟ್ಟಾ ಮುಚ್ಚಿರುತ್ತಿತ್ತು. ಕೆಲವು ತಿಂಗಳಲ್ಲಿ ನನಗೆ ಈ ಲೆಮಿಂಗ್ಟನ್ನಿನಲ್ಲಿ ಕೆಲಸ ಸಿಕ್ಕಿತು. ಅಂದಿನಿಂದ ಈದ್‌ಗೆ, ಯುಗಾದಿಗೆ ಒಂದೊಂದು ಮೆಸೇಜು, ಅಷ್ಟೇ.

ಈ ಬೆಳಿಗ್ಗೆ ಕ್ಷಮೆ ಕೇಳಲು ಕುಳಿತು ನಾಲ್ಕು ವಾಕ್ಯ ಬರೆದುಕೊಂಡೆ. ಬಹಳ ಸೊಗಸಾಗಿ ಬಂದವು. ಅದಕ್ಕೇ ಹೆದರಿ ಅಳಿಸಿ, ಸುಮ್ಮನೆ ಫೋನ್ ಮಾಡಿದೆ.

"ಆಪಾ, ಅವತ್ತು ಆ ಕಾರ್ಡಲ್ಲಿ ನಾನು ಸುಳ್ಳು ಬರೆದೆ. ತಪ್ಪಾಯ್ತು."

 

"ಇಷ್ಟು ಸಣ್ಣ ಮಾತಿಗೆ ಇಷ್ಟು ವರ್ಷ ಬೇಕಾತೇನವಾ?"

ಆ 'ಬೇಕಾತೇನವಾ' ಕೇಳಿ ನನಗೆ ಅಳು ಬಂತು. ಅವರು ಅದನ್ನು ಗಮನಿಸದವರಂತೆ ಮುಂದುವರಿದರು. "ಹೊಸಾದೊಂದು ಹಚ್ಚೀನಿ. ಶನಿವಾರ ಬಾ."

ಯಾವುದರ ಚಿತ್ರ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಬರ್ತೀನಿ ಆಪಾ," ಎಂದೆ. "ನೋಡ್ತೀನಿ."