ಅತ್ತೆ ನನ್ನನ್ನು ಬಿಸಿಲಿಗೆ ಕೂರಿಸಿದ ಚಳಿಗಾಲ

ನಾನು ಮದುವೆಯಾಗಿ ಬೈರಕೂರಿನ ಪಕ್ಕದ ಊರಿಗೆ ಬಂದು ಮೂರನೇ ವರ್ಷವಿರಬೇಕು. ಬೆಳಿಗ್ಗೆ ಎಂಟಕ್ಕೆ ಬಸ್ಸು ಹತ್ತಿ ಮುಳಬಾಗಿಲಿನ ಕಡೆಯ ಒಂದು ಸ್ಕೂಲಿಗೆ ಪಾಠ ಹೇಳಲು ಹೋಗುತ್ತಿದ್ದೆ. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದೆವು. ಆ ಚಳಿಗಾಲ ತೋಟದ ಮೋಟರು ಕೆಟ್ಟು ನಮ್ಮ ಯಜಮಾನರು ದಿನಾ ಕೋಲಾರಕ್ಕೆ ಅಲೆಯುತ್ತಿದ್ದರು. ಅತ್ತೆಗೆ ಮಂಡಿನೋವು. ಹಾಗಾಗಿ ಬೆಳಗಿನ ಹಿಪ್ಪುನೇರಳೆ ಸೊಪ್ಪು ಕೊಯ್ದು ಹುಳಕ್ಕೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು.

ಮಂಜು ಬಿದ್ದ ಸೊಪ್ಪನ್ನು ಹರಡಿ, ತೇವ ಆರಿದ ಮೇಲೆಯೇ ಹುಳಕ್ಕೆ ಹಾಕಬೇಕು. ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಬಸ್ಸಿನ ಹಾರನ್ನು ಆಲದಮರದ ತಿರುವಿನಲ್ಲಿ ಕೇಳಿಸಿತೆಂದರೆ ನನ್ನ ಕೈಕಾಲು ಆಡುತ್ತಿರಲಿಲ್ಲ. ಮೊದಲ ದಿನ ಹಸಿಯಾಗಿಯೇ ಹಾಕಿ ಓಡಿದೆ. ಏನೂ ಆಗಲಿಲ್ಲ. ಮಾರನೆಯ ದಿನವೂ ಹಾಕಿದೆ. ಹೀಗೆ ನಾಲ್ಕೈದು ದಿನ ನಡೆಯಿತು.

ಒಂದು ಸಂಜೆ ಸ್ಕೂಲಿನಿಂದ ಬಂದು ಹುಳದ ಮನೆಯ ಬಾಗಿಲು ತೆಗೆದರೆ ತಟ್ಟೆಯ ತುಂಬ ಹುಳಗಳು ಬೆಳ್ಳಗೆ ಸೆಟೆದುಕೊಂಡು ಬಿದ್ದಿದ್ದವು. ತೇವಕ್ಕೆ ಬರುವ ಸುಣ್ಣಕಟ್ಟು ರೋಗ. ಬೆಳಿಗ್ಗೆಯಿಂದ ಕೈಯಲ್ಲಿ ಹಿಡಿದಿದ್ದ ಸೀಮೆಸುಣ್ಣದ ತುಂಡುಗಳೇ ಅಲ್ಲಿ ಚೆಲ್ಲಿಕೊಂಡ ಹಾಗೆ ಕಂಡವು. ಇನ್ನು ಒಂದು ವಾರ ಕಳೆದಿದ್ದರೆ ಗೂಡು ಕಟ್ಟುತ್ತಿದ್ದವು.

ಹಸಿ ಸೊಪ್ಪಿನ ವಿಷಯವನ್ನು ನಾನೇ ಹೇಳಿಬಿಟ್ಟೆ. ಯಜಮಾನರು ಹೊಲದ ಮೂಲೆಯಲ್ಲಿ ಗುಂಡಿ ತೆಗೆದು ಹುಳಗಳನ್ನೆಲ್ಲ ಮುಚ್ಚಿದರು. "ಆಗಿದ್ದಾಯ್ತು, ಬಿಡು" ಅಂದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು ಅನ್ನಿಸಿತು. ಅವರು ಬೈಯದೆ ಬಿಟ್ಟಿದ್ದನ್ನು ನಾನು ನನಗೇ ಬೈದುಕೊಂಡೆ. ನಸುಕಿನಲ್ಲೇ ಎದ್ದು ತಣ್ಣೀರು ಸ್ನಾನ. ಸ್ವೆಟರು ಪೆಟ್ಟಿಗೆಯಲ್ಲೇ ಉಳಿಯಿತು. ನಿಂತುಕೊಂಡೇ ತಂಗಳು ಮುದ್ದೆ ತಿಂದು ಹೊರಡುತ್ತಿದ್ದೆ. ಹಿಮ್ಮಡಿ ಒಡೆದು ರಕ್ತ ಜಿನುಗಿತು, ಕೆಮ್ಮು ಹತ್ತಿತು, ಕ್ಲಾಸಿನಲ್ಲಿ ಮಗ್ಗಿ ಹೇಳಿಕೊಡಲು ದನಿಯೇ ಬರದಾಯಿತು. ಇದನ್ನೆಲ್ಲ ಶಿಕ್ಷೆ ಎಂದು ಆಗ ನಾನು ಕರೆಯುತ್ತಿರಲಿಲ್ಲ. ಕೆಲಸ ಜಾಸ್ತಿ ಎಂದಷ್ಟೇ ಹೇಳುತ್ತಿದ್ದೆ.

ಅತ್ತೆ ಎಲ್ಲವನ್ನೂ ನೋಡುತ್ತಿದ್ದರು. ಒಂದು ಭಾನುವಾರ ಬಚ್ಚಲಿಗೆ ಹೊರಟಿದ್ದ ನನ್ನ ಕೈಯಿಂದ ತಣ್ಣೀರಿನ ಬಕೆಟ್ಟು ಕಿತ್ತುಕೊಂಡರು. ಅವರು ಸಿಟ್ಟಿನಲ್ಲೂ ಅಕ್ಕರೆಯಲ್ಲೂ ತೆಲುಗು ಬೆರೆಸುತ್ತಿದ್ದರು. ನನ್ನನ್ನು ಕರೆಯುತ್ತಿದ್ದುದೇ 'ಪಾಪಾ' ಎಂದು, ಮಗುವನ್ನು ಕರೆಯುವ ಹಾಗೆ.

"ಚಾಲಿಂಕ, ಸಾಕು. ಯಾರ್ ಮೇಲೆ ಪಾಪಾ ಈ ಕೋಪ?"

"ಯಾರ ಮೇಲೂ ಇಲ್ಲ ಅತ್ತೆ."

"ನಿನ್ ಸ್ಕೂಲಲ್ಲಿ ಒಂದ್ ಮಗು ಲೆಕ್ಕ ತಪ್ಪು ಮಾಡ್ತು ಅನ್ಕೋ. ಅದರ ತಲೆ ಮೇಲೆ ದಿನಾ ತಣ್ಣೀರು ಸುರೀತೀಯಾ?"

ನಾನು ಮತ್ತೆ ಬಕೆಟ್ಟಿಗೆ ಕೈ ಚಾಚಿದೆ.

"ಹೇಳೇ, ಸುರೀತೀಯಾ?"

"ಇಲ್ಲ."

"ಮತ್ತೆ ನನ್ ಸೊಸೆ ತಲೆ ಮೇಲೆ ಯಾಕ್ ಸುರೀತಿದ್ದೀಯ? ಹುಳ ಪೊರೆ ಬಿಡೋಕ್ ಮುಂಚೆ ಜ್ವರಕ್ಕೆ ಕೂತಾಗ ನಾವು ಮುಟ್ತೀವಾ? ಸೊಪ್ಪು ಸಹ ಹಾಕಲ್ಲ. ಅದರ ಪಾಡಿಗೆ ಬಿಡ್ತೀವಿ, ಪೊರೆ ಬಿಟ್ಟು ಎದ್ದೇಳ್ತದೆ. ನೀನೂ ಸ್ವಲ್ಪ ದಿನ ಕೂತ್ಕೋ."

ಅಂದು ಹಂಡೆಯ ಬಿಸಿನೀರಿನಲ್ಲಿ ಸ್ನಾನವಾಯಿತು. ಆಮೇಲೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಎಳೆಬಿಸಿಲಿಗೆ ನನ್ನನ್ನು ಕೂರಿಸಿ, ನಾನು ಬೇಡ ಬೇಡ ಎನ್ನುತ್ತಿದ್ದರೂ ಪಾದವನ್ನು ತಮ್ಮ ಮಡಿಲಿಗೆ ಎಳೆದುಕೊಂಡು ಒಡೆದ ಹಿಮ್ಮಡಿಗೆ ಹರಳೆಣ್ಣೆ ತಿಕ್ಕಿದರು. ಹುಳ ಸತ್ತಾಗ ಬಾರದ ಅಳು ಆಗ ಬಂತು. ಅವರು ಸಮಾಧಾನ ಹೇಳಲಿಲ್ಲ. ಇನ್ನೊಂದು ಕಾಲು ಕೊಡು ಅಂದರು.

ಆವತ್ತಿನಿಂದ ಅರ್ಧ ಗಂಟೆ ಬಿಸಿಲಿನಲ್ಲಿ ಕೂರುವುದು ಕಡ್ಡಾಯವಾಯಿತು. ಬಸ್ಸಿಗೆ ತಡವಾಗದಂತೆ ರೊಟ್ಟಿ ತಟ್ಟುವುದನ್ನು ಅವರೇ ವಹಿಸಿಕೊಂಡರು. ತೋಟದ ಕೆಲಸಕ್ಕೆ ಪಕ್ಕದ ಮನೆಯಾಕೆ ಬಂದಳು. ಮೊದಮೊದಲು ಸುಮ್ಮನೆ ಕೂರಲು ನಾಚಿಕೆಯಾಗುತ್ತಿತ್ತು, ಕೈಗೆ ಏನಾದರೂ ಕೊಡಿ ಎನ್ನುತ್ತಿದ್ದೆ. ಆಗ ಅವರು ನೆನೆಸಿದ ಅವರೆಕಾಳಿನ ಬಟ್ಟಲು ಮುಂದಿಡುತ್ತಿದ್ದರು. ಕಾಳನ್ನು ಹೆಬ್ಬೆರಳಿನಿಂದ ಹಿತುಕಿದರೆ ಬೇಳೆ ಚಂಗನೆ ಹಾರಿ ಎಲ್ಲೋ ಬೀಳುತ್ತಿತ್ತು. ಕೋಳಿಗಳು ಓಡಿ ಬರುತ್ತಿದ್ದವು. ರಾತ್ರಿ ಹಿತಕಬೇಳೆ ಸಾರಿಗೆ ಬಿಸಿ ಮುದ್ದೆ, ಅದೂ ಕೂತುಕೊಂಡು. ಸಂಕ್ರಾಂತಿ ಬರುವಷ್ಟರಲ್ಲಿ ಕೆಮ್ಮು ಹೋಗಿತ್ತು. ಒಂದು ದಿನ ನಾನಾಗಿಯೇ ಸ್ವೆಟರು ಹುಡುಕಿ ಹಾಕಿಕೊಂಡೆ.

ಮುಂದಿನ ಬೆಳೆಗೆ ಹುಳದ ಮರಿ ತಂದಾಗ ಹುಳದ ಮನೆಯ ಹೊಸಿಲು ದಾಟಲು ಆಗಲಿಲ್ಲ. "ನಂಗೆ ಹೆದರಿಕೆ ಆಗುತ್ತೆ" ಎಂದು ಯಜಮಾನರಿಗೆ ಬಾಯಿಬಿಟ್ಟು ಹೇಳಿದೆ. "ನಂಗೂ ಅಷ್ಟೇ. ಇಬ್ಬರೂ ಹೋಗೋಣ" ಅಂದರು. ಆ ಬೆಳೆಯಲ್ಲೂ ಒಂದು ತಟ್ಟೆಯಲ್ಲಿ ಕೆಲವು ಹುಳ ಸತ್ತವು. ಅವನ್ನು ಆರಿಸಿ ತೆಗೆದೆ, ಕೈ ತೊಳೆದುಕೊಂಡೆ, ಉಳಿದವಕ್ಕೆ ಸೊಪ್ಪು ಹಾಕಿದೆ. ಅಷ್ಟೇ. ಅಷ್ಟನ್ನು ಕಲಿಯಲು ನನಗೆ ಒಂದು ಇಡೀ ಚಳಿಗಾಲ ಬೇಕಾಯಿತು.

ಅತ್ತೆ ತೀರಿಕೊಂಡು ಮೂರು ವರ್ಷವಾಯಿತು. ಅವರನ್ನು ನೆನೆದಾಗೆಲ್ಲ ಆ ಬೆಳೆಯ ಗೂಡು ಮಾರಿದ ಮೇಲೆ ನಾವಿಬ್ಬರೇ ಕುರುಡುಮಲೆಗೆ ಹೋದ ಭಾನುವಾರ ಕಣ್ಣಿಗೆ ಬರುತ್ತದೆ. ದೊಡ್ಡ ಗಣಪತಿಯ ಎದುರು ಅವರು ಬಹಳ ಹೊತ್ತು ಕಣ್ಣುಮುಚ್ಚಿ ಕೂತಿದ್ದರು. ಹೊರಗೆ ಬಂದು, ಏನು ಬೇಡಿಕೊಂಡಿರಿ ಎಂದು ಕೇಳಿದೆ.

"ಏನೂ ಇಲ್ಲ ಪಾಪಾ. ಮಂಡಿ ನೋಯ್ತಿತ್ತು, ಕೂತ್ಕೊಂಡೆ."

ಇಬ್ಬರಿಗೂ ನಗು ಬಂತು. ಗುಡಿಯ ಹೊರಗೆ ಬೇಯಿಸಿದ ಕಡಲೆಕಾಯಿ ಕೊಂಡು ಗೋಡೆಯ ಪಕ್ಕ ಕೂತೆವು. ಅವರು ಸುಲಿದು ಕೊಟ್ಟಿದ್ದನ್ನು ನಾನು ತಿಂದೆ. ಆಮೇಲೆ ನಾನು ಸುಲಿದೆ, ಅವರು ತಿಂದರು.