ಅಕ್ಕನ ಸಾರಿನ ಉಪ್ಪು

ನಂಬಬೇಡಿ. ನಂಬದಿದ್ದರೂ ಓದಿ ಮುಗಿಸದೆ ಏಳುವುದಿಲ್ಲ ನೀವು, ಪಂಥ. ಹೊನ್ನಾವರದ ಬಂದರಿನಲ್ಲಿ ಐಸ್ ಒಡೆದು, ಮೀನಿನ ಬುಟ್ಟಿ ಹೊತ್ತು ಮುದುಕನಾದವನು ನಾನು. ಸುಳ್ಳು ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಕುಮಟೆಯಿಂದ ಭಟ್ಕಳದವರೆಗೆ ಇಲ್ಲ. ಅಂಥ ನನ್ನ ನಾಲಿಗೆಯ ಮೇಲೆ ಒಂದು ಅಂಗಡಿ ನಿಂತಿತ್ತು!

ಬಂದರಿನ ದಾರಿಯಲ್ಲಿದ್ದ ಗಂಜಿ ಊಟದ ಅಂಗಡಿ ಅದು. ನಡೆಸುವವಳು ನನಗಿಂತ ಕಿರಿಯಳು, ಆದರೂ ಎಲ್ಲರಿಗೂ ಅಕ್ಕ. ಹಮಾಲರು, ಬಲೆ ಹೆಣೆಯುವವರು, ರಿಕ್ಷಾದವರು ಎಲ್ಲ ಅವಳ ಗಂಜಿ, ಬಂಗಡೆ ಸಾರು ಉಂಡು ಬೆಳೆದ ಹೊಟ್ಟೆಗಳು. ಮೊದಲ ತುತ್ತಿಗೇ ನಾನು ಮುಖ ಕಿವುಚಿ, "ಉಪ್ಪೇ ಇಲ್ಲ ಅಕ್ಕಾ!" ಎನ್ನುತ್ತಿದ್ದೆ. ಅವಳು ಅಂಗೈಗೆ ಸಾರು ಹಾಕಿ ನೆಕ್ಕಿ, "ಹಾಗಾರೆ ಸಮುದ್ರದಲ್ಲಿ ಅದ್ಕಂಡು ತಿನ್ನು!" ಎನ್ನುತ್ತಿದ್ದಳು.

ಕೊರೊನಾ ಬಂದು ಹೋದ ಮೇಲೆ ಒಂದು ಬೆಳಿಗ್ಗೆ ಅಂಗೈ ನೆಕ್ಕಿದವಳು ಮತ್ತೆ ಸಾರು ಹಾಕಿಕೊಂಡು ನೆಕ್ಕಿದಳು. ನನ್ನನ್ನು ಒಳಗೆ ಕರೆದಳು.

"ನಂಗೆ ರುಚಿಯೇ ಗೊತ್ತಾಗ್ತಿಲ್ಲ ಮಾರಾಯ. ಯಾರಿಗೂ ಹೇಳ್ಬೇಡ, ಗೊತ್ತಾದ್ರೆ ಅಂಗಡಿ ಹೋತು. ನೀ ಖರೇ ಹೇಳು, ಸಾಕು."

ಅಂದಿನಿಂದ ಸಾರು ಒಲೆಯಿಂದ ಇಳಿಯುವ ಮೊದಲು ರುಚಿ ನೋಡುವವನು ನಾನೇ. ಬದುಕಿನಲ್ಲಿ ನಾನು ನಿಜ ಹೇಳಿದ್ದು ಅಲ್ಲೊಂದೇ ಕಡೆ.

ಆಮೇಲೆ ಕಣ್ಣಿನ ಪೊರೆ ತೆಗೆಸಲು ಕುಮಟೆಗೆ ಹೋದೆ. ಮರಳಿ ಬಂದದ್ದು ಜಡಿಮಳೆಯಲ್ಲಿ, ಊಟದ ಹೊತ್ತಿಗೆ. ಬೆಂಚು ತುಂಬ ಜನ. ಮೊದಲ ತುತ್ತಿಗೇ ನಾಲಿಗೆ ಉರಿಯಿತು. ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಸುತ್ತ ನೋಡಿದೆ. ಯಾರೂ ತಲೆ ಎತ್ತಲಿಲ್ಲ. ಉಣ್ಣುತ್ತಿದ್ದರು, ನೀರು ಕುಡಿಯುತ್ತಿದ್ದರು. ಹಮಾಲನೊಬ್ಬ, "ಇನ್ನೊಂದು ಸೌಟು ಹಾಕು ಅಕ್ಕಾ" ಎಂದ. ನಾನೊಬ್ಬನೇ ಕಾಯುತ್ತಿದ್ದೇನೆಂದು ಬೀಗುತ್ತಿದ್ದ ಗುಟ್ಟು ಎಲ್ಲರಿಗೂ ಗೊತ್ತಿತ್ತು.

ಅಕ್ಕ ನೀರಿನ ಕೊಡ ಬಗ್ಗಿಸಿ ನೋಡಿದಳು. "ಇವತ್ತು ನೀರು ಎಂತಕ್ಕೆ ಇಷ್ಟು ಬೇಗ ಖಾಲಿ ಆತು?"

ಹಮಾಲ ತನ್ನ ಲೋಟವನ್ನು ಬೆಂಚಿನ ಕೆಳಗೆ ಸರಿಸಿದ.

"ಎಂತ ಸೆಕೆ ಮಾರಾಯ್ತಿ!" ಎಂದೆ ನಾನು. ಹೊರಗೆ ಮಳೆ ಹಂಚು ಒಡೆಯುವ ಹಾಗೆ ಸುರಿಯುತ್ತಿತ್ತು.

ಅವಳು ನನ್ನ ಮುಖವನ್ನೇ ನೋಡಿದಳು. "ನೀನೂ ಸುಳ್ಳು ಹೇಳ್ದೆ ಅಲ್ದಾ? ನಿನ್ನ ನಾಲಿಗೆಗೆ ಹುಳ ಬೀಳ!" ಎಂದು ಬೈದು, ಗ್ಯಾಸ್ ಆರಿಸಿ, ಸಾರಿನ ಪಾತ್ರೆಗೆ ಮುಚ್ಚಳ ಹಾಕಿದಳು.

ಮರುದಿನ ಅಂಗಡಿ ತೆರೆಯಲಿಲ್ಲ. ಮನೆಗೆ ಹೋಗಿ ಬೇಡಿಕೊಂಡೆವು. "ಉಂಡವರು ಸುಳ್ಳು ಹೇಳೂ ಹಂಗೆ ಆದ್ಮೇಲೆ ಬಡಿಸೂದು ಎಂತಕ್ಕೆ?" ಎಂದಳು, ಅಷ್ಟೇ. ಈಗ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ.

ಇದರಲ್ಲಿ ಒಂದು ಮಾತು ಮಾತ್ರ ನಾನು ಕಟ್ಟಿದ್ದು. ಅವಳು ಅಂದು ಬೈಯಲಿಲ್ಲ. ಸುಮ್ಮನೆ ಗ್ಯಾಸ್ ಆರಿಸಿದಳು. ಬೈದಿದ್ದರೆ ಮರುದಿನ ಬಾಗಿಲು ತೆರೆಯುತ್ತಿದ್ದಳು.